ಎರಡು ಬೆರಳು ಕ್ಲಚ್ ಮೇಲೆ

ರಿಂಗ್… ಡಿಂಗ್ ಡಿಂಗ್ ಡಿಂಗ್. ಆಮೇಲೆ ಉಸಿರು ಕಟ್ಟಿದಂತೆ ಅರೆಕ್ಷಣ ಸುಮ್ಮನಾಗಿ, ಒಮ್ಮೆಲೇ ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸಿಡಿತ. ಗೋಡೆಯ ಆಚೆ ನಮ್ಮಣ್ಣ ಮಲ್ಲಣ್ಣ ಮೊದಲ ಕಿಕ್ ಹೊಡೆದ ಎಂದು, ಗೋಡೆಯ ಈಚೆ ಲೋಹ ಉಜ್ಜುವ ಅರ ಹಿಡಿದು ಕೂತ ನನಗೆ ತಿಳಿಯುತ್ತಿದ್ದದ್ದು ಹಾಗೆ. ಸದ್ದು ಕೇಳಿಯೇ ಹೇಳುತ್ತಿದ್ದೆ: ಪೆಟ್ರೋಲು ಸಾಲುತ್ತಿಲ್ಲ, ಕಾರ್ಬ್ಯುರೇಟರಿನ ಜೆಟ್ ದೊಡ್ಡದು ಹಾಕಬೇಕು, ಇಲ್ಲವೇ ಸೈಲೆನ್ಸರಿನ ಬಾಲ ಒಂದು ಬೆರಳು ಗಿಡ್ಡವಾಗಬೇಕು. ಗೋಡೆಯಲ್ಲೊಂದು ಕಿಂಡಿಯಿತ್ತು. ಅದಕ್ಕೆ ಬಾಯಿಟ್ಟು ನಾನು ಹೇಳಿದ್ದನ್ನು ಅಣ್ಣ ಆಚೆ ಗಿರಾಕಿಗೆ ತನ್ನ ದನಿಯಲ್ಲಿ ಹೇಳುತ್ತಿದ್ದ.

ಶಿಕಾರಿಪುರದ ನಮ್ಮ ಲೇತ್ ಶಾಪಿನ ಪದ್ಧತಿಯೇ ಅದು. ಇಂಜಿನ್ ಕಟ್ಟಿ ಮುಗಿದ ಮೇಲೆ ಟ್ಯಾಂಕಿಗೆ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು, ಆಮೇಲೆ ಮೊದಲ ಕಿಕ್. ಆ ಕಿಕ್ ಮನೆಯ ಗಂಡಸಿನದು. ಹೆಂಗಸು ಹೊಡೆದರೆ ಇಂಜಿನ್ ದಕ್ಕುವುದಿಲ್ಲ ಎಂದು ಯಾರು ಮಾಡಿದ ಶಾಸ್ತ್ರವೋ ಗೊತ್ತಿಲ್ಲ. ಮೋಟಾರ್ ಸೈಕಲ್ಲು ಈ ಸೀಮೆಗೆ ಬಂದದ್ದೇ ನಿನ್ನೆ ಮೊನ್ನೆ; ಅದಕ್ಕೆ ಶಾಸ್ತ್ರ ಮಾತ್ರ ಬಂದಳಿಕೆಯ ಶಾಸನಕ್ಕಿಂತ ಹಳೆಯದು.

ಈಗ ಹುಡುಗರು, ಒಬ್ಬಿಬ್ಬರು ಹುಡುಗಿಯರೂ, ಹಳೆಯ ಟೂ-ಸ್ಟ್ರೋಕ್ ಗಾಡಿಗಳನ್ನು ಹುಡುಕಿ ತಂದು ಇದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದು ನನ್ನ ಹತ್ತಿರ ಬರುತ್ತಾರೆ. ‘ಪ್ಯಾಷನ್, ಆಂಟಿ’ ಅನ್ನುತ್ತಾರೆ. ಫ್ರ್ಯಾಂಕ್ಲಿ, ಆ ಪದ ನನಗೆ ಅಲರ್ಜಿ. ಕೆಲಸ ಹೇಗಿತ್ತು ಎಂದು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಪ್ಯಾಷನ್ ಉಳಿದರೆ ಅವರ ಹಣೆಬರಹ.

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಮಗಳು ಇಂಗ್ಲಿಷ್ ಟೀಚರ್ ಆಗಲಿ ಎಂಬುದು ಅಪ್ಪಾಜಿಯ ಆಸೆ. ಫಿಸಿಕ್ಸ್ ಹೇಳುತ್ತಿದ್ದ ಸಿಸ್ಟರ್ ಒಂದು ಟ್ಯೂನಿಂಗ್ ಫೋರ್ಕನ್ನು ಮೇಜಿಗೆ ಬಡಿದು, ಅದನ್ನು ನಮ್ಮ ಹಲ್ಲಿಗೆ ತಾಗಿಸಿ, ‘ಲಿಸನ್ ವಿತ್ ಯುವರ್ ಬೋನ್ಸ್, ಗರ್ಲ್ಸ್’ ಎನ್ನುತ್ತಿದ್ದರು. ಉಳಿದವರು ಕಿಸಿಕಿಸಿ ನಕ್ಕರು. ನಾನು ಇಡೀ ಜೀವನ ಹಾಗೆಯೇ ಕೇಳಿದೆ.

ಓದು ಮುಗಿಸಿ ಊರಿಗೆ ಬಂದಾಗ ಅಪ್ಪಾಜಿ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಟೂ-ಸ್ಟ್ರೋಕ್ ಇಂಜಿನ್ನಿನಿಂದ ಹೆಚ್ಚು ಪವರ್ ತೆಗೆಯುವುದು ಹೇಗೆಂಬ ಪುಸ್ತಕ. ಚಿತ್ರ ನೋಡಿ ಆಸೆಪಡುತ್ತಿದ್ದರೇ ಹೊರತು ಓದಲು ಬಾರದು. ಸಂಜೆ ಹೊತ್ತು ನಾನು ಓದಿ ಹೇಳುವುದು, ಅಪ್ಪಾಜಿ ಹೂಂಗುಟ್ಟುವುದು, ಅಣ್ಣ ತೂಕಡಿಸುವುದು. ಮಾರನೆ ದಿನ ಅಣ್ಣ ಒಂದು ಸಿಲಿಂಡರನ್ನು ಉಜ್ಜಲು ಹೋಗಿ ಕೆಡಿಸಿದ. ಅಪ್ಪಾಜಿ ಅವನ ಕೈಯಿಂದ ಅರ ಕಿತ್ತು ನನಗೆ ಕೊಟ್ಟರು.

“ಅವನ ಕೈ ಗುದ್ದಲಿ ಹಿಡಿಯೋ ಕೈ. ನಿಂದು ರಂಗೋಲಿ ಹಾಕೋ ಕೈ. ತಗಾ.”

“ಅಪ್ಪಾಜಿ, ಆಕಿ ಇಲ್ಲಿ ಕುಂತ್ರೆ ಗಿರಾಕಿ ಏನಂತಾರ?” ಅಂದ ಅಣ್ಣ.

“ಇಲ್ಲಿ ಯಾಕ ಕುಂದರ್ತಾಳ? ಒಳಗ ಕುಂದರ್ತಾಳ.”

ಹೀಗೆ ನನ್ನ ಅಪಾಯಿಂಟ್‌ಮೆಂಟ್ ಆಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಈ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಟಕಿಗಳಿವೆ, ಪೋರ್ಟ್ ಎನ್ನುತ್ತೇವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವಕ್ಕೆ ಬಾಗಿಲು. ಹೊಗೆ ಹೋಗುವ ಕಿಟಕಿಯನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಬಡಪಾಯಿ ಗಾಡಿ ಹುಲಿಯಾಗುತ್ತದೆ. ಇನ್ನೊಂದು ಎಳೆ ಹೆಚ್ಚಾದರೆ ಕೆಲಸಕ್ಕೆ ಬಾರದ ಹುಲಿ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಾನು ಸಿಲಿಂಡರಿನೊಳಗೆ ಕಾಗದ ಸುತ್ತಿ, ಪೆನ್ಸಿಲಿನಿಂದ ತಿಕ್ಕಿ, ಕಿಟಕಿಗಳ ಆಕಾರ ತೆಗೆಯುತ್ತಿದ್ದೆ. ಕ್ರ್ಯಾಂಕಿನ ಕೋನ ಅಳೆಯಲು ನನ್ನ ಕಾನ್ವೆಂಟಿನ ಜಾಮಿಟ್ರಿ ಬಾಕ್ಸಿನ ಪ್ರೊಟ್ರ್ಯಾಕ್ಟರ್. ಈಗಿನವರಿಗೆ ಸಣ್ಣ ಗ್ರೈಂಡರು, ಕಂಪ್ಯೂಟರಿನಲ್ಲಿ ಲೆಕ್ಕ. ಒಳ್ಳೆಯದೇ. ಆದರೆ ಗ್ರೈಂಡರು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಡಿಸುತ್ತದೆ. ಅರ ಕೆಡಿಸಬೇಕಾದರೆ ಅರ್ಧ ದಿನ ಬೇಕು, ಅಷ್ಟರಲ್ಲಿ ನಿಮಗೆ ಬುದ್ಧಿ ಬಂದಿರುತ್ತದೆ.

ಸೈಲೆನ್ಸರಿನದು ಇನ್ನೊಂದು ಕಥೆ. ಪುಸ್ತಕದಲ್ಲಿದ್ದ ಹೊಟ್ಟೆ ಉಬ್ಬಿದ ಸೈಲೆನ್ಸರನ್ನು ಇಲ್ಲಿ ಯಾರು ಮಾಡಬೇಕು? ತಗಡಿನ ಕೆಲಸದ ದಾದಾಪೀರ್ ಸಾಬರು ಸೀಮೆಎಣ್ಣೆ ಸುರಿಯುವ ಲಾಳಿಕೆ ಮಾಡುತ್ತಿದ್ದರು. ನಾನು ಚಿತ್ರ ಬರೆದು ತೋರಿಸಿದೆ.

“ಎರಡು ಲಾಳಿಕಿ ಬಾಯಿಗೆ ಬಾಯಿ ಹಚ್ಚಿದ್ರೆ ಎಣ್ಣಿ ಎಲ್ಲಿ ಹೋಗಬೇಕು ಬೇಟಿ?”

“ಎಣ್ಣೆಗಲ್ಲ ಚಾಚಾ, ಸದ್ದಿಗೆ. ಸದ್ದು ಹೋಗಿ ಗೋಡೆಗೆ ಬಡಿದು ವಾಪಸ್ ಬರಬೇಕು.”

“ಸದ್ದು ಹಿಡಿಯೋ ಲಾಳಿಕಿ. ಆತು, ಮಂದಿ ಕೇಳಿದ್ರ ನಿಮ್ಮಪ್ಪನ ಹೆಸರು ಹೇಳ್ತೀನಿ. ಹುಚ್ಚು ಅಂದ್ರ ಅವ್ರಿಗೇ ಅನ್ನಲಿ.”

ಹೊರಗೆ ಹೋಗಿ ಬಡಿದು ಹಿಂತಿರುಗುವ ಸದ್ದಿನ ಅಲೆ, ತಪ್ಪಿಸಿಕೊಂಡು ಹೋಗುತ್ತಿದ್ದ ಹಸಿ ಪೆಟ್ರೋಲನ್ನು ಮತ್ತೆ ಒಳಕ್ಕೆ ನೂಕುತ್ತದೆ. ಪವರ್ ಹುಟ್ಟುವುದೇ ಅಲ್ಲಿ. ಸಾಬರ ಮೊದಲ ಸೈಲೆನ್ಸರ್ ಹಾಕಿದ ದಿನ ತಾಳಗುಂದದ ರಸ್ತೆಯಲ್ಲಿ ಎತ್ತುಗಳು ಗಾಡಿ ಸಮೇತ ಜೋಳದ ಹೊಲಕ್ಕೆ ನುಗ್ಗಿದವು. ಊರೆಲ್ಲ ಅಣ್ಣನನ್ನು ಹೊಗಳಿತು.

ಎಡವಟ್ಟುಗಳೂ ಆದವು. ಹಾಲು ಹಾಕುವ ಈರಪ್ಪ ಎಂಬಾತ ‘ಪವರ್ ಬೇಕು’ ಅಂದನೆಂದು ಅಣ್ಣ ಸಿಲಿಂಡರ್ ಒಳಗೆ ಕಳಿಸಿದ. ನಾನು ಪುಸ್ತಕದಲ್ಲಿದ್ದಂತೆ ಕಿಟಕಿ ಎತ್ತರಿಸಿದೆ. ಪವರ್ ಬಂತು, ಆದರೆ ಇಂಜಿನ್ ಕಿರುಚುವಾಗ ಮಾತ್ರ. ಕ್ಯಾನು ಹೇರಿಕೊಂಡು ಮೆಲ್ಲಗೆ ದಿಬ್ಬ ಹತ್ತುವಾಗ ಗಾಡಿ ಬಿಕ್ಕಿ ನಿಲ್ಲುತ್ತಿತ್ತು.

“ಮಲ್ಲಣ್ಣ, ನನ್ ಗಾಡಿ ನಾಟಕದ ರಾಜ ಆಗ್ಯದ. ಕಿರೀಟ ಇಟ್ಟು ಕೂಗ್ತದ, ಒಂದು ಕೊಡ ನೀರು ಹೊರಂಗಿಲ್ಲ” ಅಂದ ಈರಪ್ಪ.

ಹೊಸಬರಿಗೆ ಇದೊಂದನ್ನೇ ಹೇಳುವುದು: ಎಷ್ಟು ವೇಗ ಬೇಕು ಎಂದು ಕೇಳಬೇಡಿ, ಏನು ಹೊರುತ್ತೀರಿ ಎಂದು ಕೇಳಿ. ನಾನು ಕೇಳಬಹುದಿತ್ತು, ಆದರೆ ನನಗೂ ಗಿರಾಕಿಗೂ ನಡುವೆ ಗೋಡೆಯಿತ್ತು.

ಅಣ್ಣ ಕೆಟ್ಟವನೆಂದು ಬರೆದರೆ ಸುಲಭವಾಗುತ್ತಿತ್ತು. ಅವನು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಯುಗಾದಿಗೆ ಸೀರೆ ತಂದ. ನನ್ನ ಕೆಲಸವನ್ನು ತನ್ನ ಹೆಸರಿನಲ್ಲಿ ತಿಂದ, ಅಷ್ಟೆ. ಅದು ತಿನ್ನುವುದು ಎಂದು ಅವನಿಗೆ ಅನ್ನಿಸಲೇ ಇಲ್ಲ. ಮದುವೆಯ ಮಾತುಗಳು ಬಂದು ಹೋದವು. ಹುಡುಗಿಯ ಉಗುರಿನ ಕಪ್ಪು ಏನು ತೊಳೆದರೂ ಹೋಗುವುದಿಲ್ಲ ಎಂಬ ಸುದ್ದಿ ನಮಗಿಂತ ಮೊದಲು ಬಸ್ಸು ಹತ್ತುತ್ತಿತ್ತು. ಅಪ್ಪಾಜಿ ಹೋಗುವ ಮುಂಚೆ ಅಣ್ಣನ ಕೈ ಹಿಡಿದು, ಸೊರಬದಲ್ಲಿ ಒಂದು ಶಾಪು ಮಾಡಿ ಸುಮಿತ್ರಳಿಗೆ ಕೊಡು ಎಂದರು. ಸಾಯುವವರ ಮಾತನ್ನು ಅಣ್ಣ ಮೀರಲಿಲ್ಲ. ಸೊರಬದಲ್ಲಿ ಒಂದು ಮಳಿಗೆ, ಒಂದು ಹಳೆ ಲೇತ್, ಮೇಲೊಂದು ಬೋರ್ಡು: ಸುಮಿತ್ರಾ ಇಂಜಿನ್ ವರ್ಕ್ಸ್.

ಐ ವಾಸ್ ಸೋ ಪ್ರೌಡ್. ದಿನಾ ಬೆಳಿಗ್ಗೆ ಬೋರ್ಡು ಒರೆಸುತ್ತಿದ್ದೆ. ಒರೆಸುವುದು ಬಿಟ್ಟು ಬೇರೆ ಕೆಲಸವೂ ಇರಲಿಲ್ಲ. ಗಿರಾಕಿಗಳು ಬಾಗಿಲಿಗೆ ಬಂದು, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, “ಮೇಸ್ತ್ರಿ ಇಲ್ಲನಾ?” ಎಂದು ಕೇಳಿ ಹೋಗುತ್ತಿದ್ದರು.

ವೀರೇಶ ಮಾತ್ರ ಹಾಗೆ ಕೇಳಲಿಲ್ಲ. ಊರಿನ ಅಕ್ಕಿ ವ್ಯಾಪಾರದ ಮನೆಯವನು, ನನಗಿಂತ ಚಿಕ್ಕವನು. ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುತ್ತಿದ್ದ ಮೋಟಾರ್ ಸೈಕಲ್ ರೇಸುಗಳಿಗೆ ಹುಚ್ಚು ಹತ್ತಿಸಿಕೊಂಡಿದ್ದ. ಗಾಡಿ ನಿಲ್ಲಿಸಿ ನೇರ ಕೇಳಿದ.

“ಶಿಕಾರಿಪುರದಲ್ಲಿ ಗ್ವಾಡೆ ಹಿಂದೆ ಮಾಡ್ತಿದ್ದದ್ದು ನೀವೇ ಅಲ್ದನಾ ಅಕ್ಕಾ?”

“ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಮಲ್ಲಣ್ಣ ಕಿಕ್ ಹೊಡೆದು ಮೊದ್ಲು ಗ್ವಾಡೆ ನೋಡ್ತಿದ್ದ, ಆಮೇಲೆ ಇಂಜಿನ್ನು.”

ಅವನ ಇಂಜಿನ್ ಮಾಡಿದಾಗ ಮೊದಲ ಕಿಕ್ಕನ್ನು ನಾನೇ ಹೊಡೆದೆ. ಅಂಗಡಿಯ ಮುಂದೆ, ಹಗಲು ಹೊತ್ತಿನಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಎದುರಿನ ಹೋಟೆಲಿನವರು ಲೋಟ ಹಿಡಿದು ಹೊರಗೆ ಬಂದು ನಿಂತರು. ಗೋಡೆ ಇಲ್ಲದೆ ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಲಿನಿಂದ ಹತ್ತಿ ಹಲ್ಲಿನ ತನಕ ಬಂತು.

ಅವನಿಗೆ ಎರಡು ವಿಷಯ ಹೇಳಿಕೊಟ್ಟಿದ್ದೆ. ಟ್ಯೂನ್ ಮಾಡಿದ ಟೂ-ಸ್ಟ್ರೋಕ್ ಯಾವ ಕ್ಷಣದಲ್ಲೂ ಸೀಜ್ ಆಗಬಹುದು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಒಮ್ಮೆಲೇ ನಿಂತುಬಿಡಬಹುದು. ಆಗ ಕ್ಲಚ್ ಹಿಡಿದರೆ ಚಕ್ರ ಬಿಡುಗಡೆಯಾಗಿ ಬದುಕುತ್ತೀರಿ. ಆದ್ದರಿಂದ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಬೇಕು. ಇನ್ನೊಂದು, ಎಣ್ಣೆಯದು. ಈ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನಲ್ಲಿ ಬೆರೆತು ಬಂದರೆ ಮಾತ್ರ. ರೇಸಿಗೆ ನಾನು ಹಾಕುತ್ತಿದ್ದದ್ದು ಶಿವಮೊಗ್ಗದಿಂದ ತರಿಸಿದ, ಯಂತ್ರದಲ್ಲಿ ಸೋಸಿ ನೀರಿನಂಶ ತೆಗೆದ ಹರಳೆಣ್ಣೆ. ಅದು ಶಾಖಕ್ಕೆ ಬೆದರುವುದಿಲ್ಲ, ಆದರೆ ಪೆಟ್ರೋಲಿನೊಂದಿಗೆ ಮನಸ್ಸಿಟ್ಟು ಸಂಸಾರ ಮಾಡುವುದಿಲ್ಲ; ಚಳಿಯಲ್ಲಿ ಇಟ್ಟರೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ರೇಸಿನ ಬೆಳಿಗ್ಗೆಯೇ ಬೆರೆಸಿ, ಕುಲುಕಿ, ನಾನೇ ಟ್ಯಾಂಕಿಗೆ ಹಾಕುವುದು ರೂಢಿ.

ವೀರೇಶ ಎರಡು ರೇಸು ಗೆದ್ದ. ಗೆದ್ದಾಗ ಮೈಕ್ ಹಿಡಿದು “ಇಂಜಿನ್ನು ಸುಮಿತ್ರಕ್ಕಂದು” ಅಂದ. ಆಮೇಲೆ ‘ಮೇಸ್ತ್ರಿ ಇಲ್ಲನಾ’ ಎನ್ನುವವರು ಕಡಿಮೆಯಾದರು. ಚಂದ್ರಗುತ್ತಿಯ ಕಡೆಯಿಂದಲೂ ಸಿಲಿಂಡರುಗಳು ಬಂದವು. ನನ್ನ ಶಾಪು ಬದುಕುತ್ತದೆ ಎಂದು ನನಗೆ ಧೈರ್ಯ ಬಂತು.

ಮೂರನೆಯ ರೇಸು ಸಂಕ್ರಾಂತಿಯ ಆಸುಪಾಸು. ಮೈ ಕೊರೆಯುವ ಚಳಿ. ನನ್ನ ಎಣ್ಣೆಯ ಡಬ್ಬಿ ಹಿಡಿದು ಹೊರಟರೆ ಬಸ್ಸು ತಡ. ಗದ್ದೆಗೆ ತಲುಪುವ ಹೊತ್ತಿಗೆ ಗಾಡಿಗಳು ಆಗಲೇ ಸುತ್ತು ಹೊಡೆಯುತ್ತಿದ್ದವು, ವೀರೇಶ ಎಲ್ಲರಿಗಿಂತ ಮುಂದೆ. ಟ್ಯಾಂಕಿಗೆ ಯಾರು ಏನು ಹಾಕಿದರು ಎಂದು ಕೇಳಲು ಒಬ್ಬರೂ ಸಿಗಲಿಲ್ಲ. ದೂರದಿಂದಲೇ ಸದ್ದು ಕೇಳಿದೆ. ಸಾಸಿವೆ ಸಿಡಿತದ ಒಳಗೆ ಒಂದು ತೆಳ್ಳನೆಯ ಕೀರಲು ದನಿ ಸೇರಿಕೊಂಡಿತ್ತು. ಒಣಗಿದ ಗಂಟಲಿನವರು ಹಾಡಿದ ಹಾಗೆ. ನಾನು ಕೈಯೆತ್ತಿ ಕೂಗುತ್ತ ಬದುವಿನ ಮೇಲೆ ಓಡಿದೆ. ಅವನು ನನ್ನನ್ನು ನೋಡಿದ. ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡು ಎಡಗೈ ಎತ್ತಿ ಬೀಸಿದ. ಅದೇ ಹೊತ್ತಿಗೆ ಸದ್ದು ನಿಂತಿತು. ಚಕ್ರ ಕಚ್ಚಿತು. ಗಾಡಿ ಅವನನ್ನು ಬದುವಿನಾಚೆ ಎಸೆದು ಅವನ ಕಾಲ ಮೇಲೆ ಬಿತ್ತು.

ಅವನನ್ನು ಶಿವಮೊಗ್ಗದ ಆಸ್ಪತ್ರೆಗೆ ಒಯ್ದರು. ನಾನು ಗಾಡಿಯ ಟ್ಯಾಂಕಿನಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗೆ ಇಳಿಸಿಕೊಂಡೆ. ಮೇಲೆ ತಿಳಿ ಪೆಟ್ರೋಲು, ತಳದಲ್ಲಿ ಅಂಟಂಟು ಹಳದಿ ಪದರ, ಅದರೊಳಗೆ ನೀರಿನ ಹನಿಗಳು. ಮೂಸಿದರೆ ಹುರಿದ ಬೀಜದ ಕಮರು ವಾಸನೆ. ನನ್ನ ಎಣ್ಣೆಗೆ ಆ ವಾಸನೆ ಇಲ್ಲ. ಮನೆಯಲ್ಲಿ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆಗಿದೆ.

ಯಾರ ಮನೆಯದು ಎಂದು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ವೀರೇಶನ ತಾಯಿ ಗೌರಮ್ಮ ತಾವೇ ನನ್ನ ಶಾಪಿನ ಮುಂದೆ ಬಂದು ನಿಂತರು. ಹಿಂದೆ ಅರ್ಧ ಪೇಟೆ.

“ಕಿಕ್ಕು ಹೊಡಿಬ್ಯಾಡ ಅಂತ ಯಾರೂ ಹೇಳ್ಲಿಲ್ಲನಾ ನಿಂಗೆ? ನಿಮ್ಮನೇಲಿ ಗಂಡಸ್ರು ಇರ್ಲಿಲ್ಲನಾ?”

“ಅಮ್ಮಾ, ಕಿಕ್ಕಿನಿಂದ ಆದದ್ದಲ್ಲ. ಅವತ್ತು ಟ್ಯಾಂಕಿಗೆ ಎಣ್ಣೆ ಯಾರು ಹಾಕಿದ್ದು?”

“ನಾನೇ ಹಾಕ್ಸಿದ್ದು. ಇಂಜಿನ್ನಿಗೆ ಹರಳೆಣ್ಣೆ ಬೇಕಂತೆ, ಅಂಗಡಿಯದು ಎಂತಕ್ಕೆ ಅಂತ ಮನೇಲಿ ಕಾಯ್ಸಿದ್ದೇ ಕೊಟ್ಟೆ. ಹಿಂದಿನ್ ದಿನಾನೇ ಬೆರೆಸಿ ಇಟ್ಟಿದ್ವಿ. ಅಂಥಾ ಎಣ್ಣೆ ಹಾಕಿದ್ರೂ ನಿನ್ ಕೈ ಕೆಲ್ಸ ಉಳೀಲಿಲ್ಲ ನೋಡು.”

ನಾನು ಬಾಟಲಿ ತಂದು ತೋರಿಸಿದೆ. “ಇದರಲ್ಲಿ ನೀರಿದೆ ಅಮ್ಮಾ. ಚಳಿಗೆ ಎಣ್ಣೆ ತಳಕ್ಕೆ ಕೂತಿದೆ. ಟ್ಯಾಂಕಿನ ನಳದ ಬಾಯಿ ತಳಕ್ಕಿಂತ ಮೇಲಿರುತ್ತೆ, ಎಣ್ಣೆ ಅಲ್ಲೇ ಉಳಿದು ಇಂಜಿನ್ನಿಗೆ ಬರೀ ಪೆಟ್ರೋಲು ಹೋಗಿದೆ. ಇಂಜಿನ್ ಒಣಗಿ ಕಚ್ಚಿದೆ.”

ಗೌರಮ್ಮ ಬಾಟಲಿಯನ್ನಲ್ಲ, ನನ್ನನ್ನು ನೋಡಿದರು. “ಮೊಮ್ಮಕ್ಕಳ ನೆತ್ತಿಗೆ ಹಾಕೋ ಎಣ್ಣೆ ಅದು. ಹೊಟ್ಟೆನೋವಿಗೆ ಕುಡ್ಸೋ ಎಣ್ಣೆ. ಅದ್ರಾಗೆ ದೋಷ ಹುಡುಕ್ತಿಯಲ್ಲೇ, ನಿನ್ ಬಾಯಿಗೆ ಹುಳ ಬೀಳ.”

ಹಿಂದೆ ನಿಂತವರಲ್ಲಿ ಒಬ್ಬ ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದು, “ಬಾಟ್ಲಿ ತೊಳೀದೆ ಇಟ್ಕಂಡಿದಾಳೆ” ಅಂದ. ನಕ್ಕರು. ಹೆಂಗಸಿನ ಕೈ ತಾಗಿ ಇಂಜಿನ್ ಕೆಟ್ಟಿತು ಎಂಬುದು ನಿಜವೇ. ಯಾವ ಹೆಂಗಸಿನ ಕೈ ಎಂದು ಯಾರೂ ಕೇಳಲಿಲ್ಲ.

ಇನ್ನು ಉಳಿದಿದ್ದದ್ದು ಒಬ್ಬನ ಮಾತು. ರೇಸು ಗೆದ್ದಾಗ ಮೈಕಿನಲ್ಲಿ ನನ್ನ ಹೆಸರು ಹೇಳಿದವನು. ಒಂದು ಸಾಲು ಹೇಳಿದರೆ ಊರು ಕೇಳುತ್ತಿತ್ತು. ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋದೆ. ವೀರೇಶನ ಮುರಿದ ಕಾಲಿಗೆ ಕಲ್ಲು ಕಟ್ಟಿ ಎಳೆದಿಟ್ಟಿದ್ದರು. ಅವನು ಮುಚ್ಚಳ ತೆಗೆದು ಮೂಸಿದ. ಮುಚ್ಚಳ ಮತ್ತೆ ತಿರುಗಿಸಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟ.

“ಅವ್ವ ಕಾಯ್ಸಿದ್ದೇ.”

“ಹೇಳು ಮತ್ತೆ.”

“ಹೆಂಗೆ ಹೇಳ್ಲಿ ಅಕ್ಕಾ? ಈ ಕಾಲು ಗಿಡ್ಡಾಗ್ತದೆ ಅಂದಾರೆ ಡಾಕ್ಟ್ರು. ಅದು ತನ್ನ ಕೈಯಿಂದ ಆದದ್ದು ಅಂತ ಗೊತ್ತಾದ್ರೆ ಅವ್ವ ಉಣ್ತಾಳನಾ?”

“ಅವ್ವನಿಗೆ ಹೇಳಬೇಡ. ಊರಿಗೆ ಹೇಳು.”

“ಊರಿಗೆ ಹೇಳಿದ್ದು ಅವ್ವನ ಕಿವಿಗೆ ಬೀಳದಿಲ್ಲನಾ?”

“ನನ್ನ ಶಾಪು ಹೋಗುತ್ತೆ ವೀರೇಶ.”

ಅವನು ಗೋಡೆ ಕಡೆ ತಿರುಗಿದ. “ನಿಮಗೆ ಶಿಕಾರಿಪುರ ಐತಲ್ಲ ಅಕ್ಕಾ. ನಂಗೆ ಅವ್ವ ಒಬ್ಳೇ.”

ಐ ಅಂಡರ್‌ಸ್ಟುಡ್ ಹಿಮ್. ಅದೇ ಕಷ್ಟ. ಅರ್ಥವಾಗದಿದ್ದರೆ ಸಿಟ್ಟಾದರೂ ಪೂರ್ತಿ ಬರುತ್ತಿತ್ತು.

ಗಿರಾಕಿಗಳು ಬಿಚ್ಚಿಟ್ಟಿದ್ದ ಸಿಲಿಂಡರುಗಳನ್ನು ಹಾಗೆಯೇ ವಾಪಸ್ ಒಯ್ದರು. ಮಳೆಗಾಲಕ್ಕೆ ಮುಂಚೆ ಅಣ್ಣ ಟೆಂಪೋ ತಂದು ಲೇತ್ ಹೇರಿಸಿದ.

“ಒಳಗ ಇದ್ದಾಗ ಚಲೋ ಇದ್ದಿ” ಅಂದ. ಗೆದ್ದ ದನಿಯಲ್ಲಲ್ಲ, ನಿಜವಾದ ಕನಿಕರದಲ್ಲಿ.

ಬೋರ್ಡನ್ನೂ ಶಿಕಾರಿಪುರಕ್ಕೆ ತಂದೆವು. ಒಳ್ಳೆಯ ತಗಡು, ಬಿಸಾಡಲು ಮನಸ್ಸು ಬಾರದೆ ಅಣ್ಣ ಅದನ್ನು ಮಗುಚಿ ಲೇತಿನ ಕೆಳಗೆ ಹಾಸಿದ, ಉದುರುವ ಲೋಹದ ಚೂರು ಹಿಡಿಯಲು. ಕಸ ತೆಗೆಯುವಾಗಲೆಲ್ಲ ನಾನು ಅದನ್ನು ಎತ್ತಿ ಕೊಡವುತ್ತಿದ್ದೆ.

ಆಮೇಲಿನದು ಗೋಡೆಯ ಹಿಂದಿನ ಕೆಲಸವೇ. ಫೋರ್-ಸ್ಟ್ರೋಕ್ ಗಾಡಿಗಳು ಬಂದವು, ಹೊಗೆಯ ಕಾನೂನು ಬಂತು, ಟೂ-ಸ್ಟ್ರೋಕ್ ತಯಾರಿಯೇ ನಿಂತಿತು. ದಾದಾಪೀರ್ ಸಾಬರು ಹೋದರು, ಲಾಳಿಕೆಗಳು ಪ್ಲಾಸ್ಟಿಕ್ಕಿನವಾದವು. ಅಣ್ಣನೂ ಹೋದ. ಈಗ ಹಳೆ ಗಾಡಿಗಳಿಗೆ ಮತ್ತೆ ಹುಚ್ಚು ಹತ್ತಿ, ನಾನು ಉಜ್ಜಿದ ಕಿಟಕಿಯ ಆಕಾರಕ್ಕೆ ಹುಡುಗರು ಒಂದು ಹೆಸರಿಟ್ಟಿದ್ದಾರೆ: ‘ಮಲ್ಲಣ್ಣ ಪೋರ್ಟ್’. ಮೇಲಂಚು ಸ್ವಲ್ಪ ಕಮಾನಾಗಿರುತ್ತದೆ, ಕಾನ್ವೆಂಟಿನ ಪ್ರಾರ್ಥನಾ ಮಂದಿರದ ಕಿಟಕಿಯ ಹಾಗೆ. ಪಿಸ್ಟನ್ನಿನ ರಿಂಗು ಸಿಕ್ಕಿಕೊಳ್ಳದೆ ಜಾರಲಿ ಎಂದು ಮಾಡಿದ್ದು. ಅದು ನನ್ನದು ಎಂದು ತಿದ್ದಿದರೆ “ಓ, ನೀವು ಅವರ ತಂಗಿಯಾ ಆಂಟಿ? ಲಕ್ಕಿ” ಅನ್ನುತ್ತಾರೆ.

ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುತ್ತೇನೆ: ಕೈ ಕಲಿಯಿರಿ, ಕಿವಿ ಕಲಿಯಿರಿ. ಸಾಕ್ಷಿ ಹೇಳುತ್ತಾರೆ ಎಂದು ಮಾತ್ರ ಯಾರನ್ನೂ ನಂಬಬೇಡಿ, ಒಳ್ಳೆಯವರನ್ನಂತೂ ನಂಬಲೇಬೇಡಿ.

ವೀರೇಶನನ್ನು ಕೊನೆಯ ಸಲ ನೋಡಿದ್ದು ಶಿಕಾರಿಪುರದ ಪೇಟೆಯಲ್ಲಿ, ಔಷಧಿ ಅಂಗಡಿಯ ಮುಂದೆ. ಕೂದಲು ಬೆಳ್ಳಗಾಗಿತ್ತು, ಒಂದು ಕಾಲು ಗಿಡ್ಡ. ಗೌರಮ್ಮ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ನನ್ನನ್ನು ಗುರುತಿಸಿ ಕುಂಟುತ್ತ ಬಂದ.

“ಅವ್ವ ಇಲ್ಲ ಈಗ” ಅಂದ.

“ಕೇಳಿದೆ.”

“ಕಡೀಗೂ ಗೊತ್ತಾಗ್ಲಿಲ್ಲ ಅಕ್ಕಾ ಅವಳಿಗೆ. ನೆಮ್ಮದಿಯಾಗಿ ಹೋದ್ಲು.”

“ಈಗ ಹೇಳಬಹುದಲ್ಲ ಊರಿಗೆ.”

ಅವನು ನಿಜವಾಗಿಯೂ ಯೋಚಿಸಿದ. “ಈಗ ಯಾರಿಗೆ ಹೇಳದು ಅಕ್ಕಾ? ಆ ಗಾಡಿ ನೆನಪಿರೋರು ಯಾರದಾರೆ?”

“ನಾನಿದ್ದೀನಿ” ಅಂದೆ.

ಅವನು ಔಷಧಿಯ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿದ. ಬರ್ತೀನಕ್ಕ ಎಂದು ಗಾಡಿ ಹತ್ತಿದ. ಕರೆಂಟಿನ ಸ್ಕೂಟರ್. ಕಿಕ್ ಇಲ್ಲ, ಗೇರ್ ಇಲ್ಲ, ಹೊರಟದ್ದೇ ಕೇಳಿಸಲಿಲ್ಲ. ಸಂದಣಿಯಲ್ಲಿ ಅವನು ತಿರುಗುವ ತನಕ ನೋಡಿದೆ. ಎಡಗೈಯ ಎರಡು ಬೆರಳು ಚಾಚಿ ಲಿವರಿನ ಮೇಲೆ ಇಟ್ಟುಕೊಂಡೇ ಹೋದ. ಆ ಗಾಡಿಗೆ ಕ್ಲಚ್ ಇಲ್ಲ.